ಮಗಳ ಕಣ್ಣಿಗೆ ಲೇಸರ್ ಮಾಡಿಸಿದೆವು

ನಿಮ್ಮ ಮನೆಯಲ್ಲೂ ಕನ್ನಡಕ ಹಾಕುವ ಮಗಳಿದ್ದು, ಅವಳಿಗೆ ಮದುವೆಯ ವಯಸ್ಸೂ ಬಂದಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದೇ ಇರುತ್ತದೆ: “ಅದಕ್ಕೇನ್ರೀ ಯೋಚನೆ? ಒಂದು ಲೇಸರ್ ಮಾಡಿಸಿಬಿಟ್ರೆ ಆಯ್ತು. ಐದು ನಿಮಿಷದ ಕೆಲಸ.”

ಹೀಗೆ ಹೇಳುವವರು ಬಹಳ ಜನ. ಆ ಐದು ನಿಮಿಷಕ್ಕೆ ಮೊದಲು ಏನೇನಿದೆ, ಆಮೇಲೆ ಏನೇನಿದೆ ಎಂದು ಬಿಡಿಸಿ ಹೇಳುವವರು ಕಡಿಮೆ. ನಾನು ಡಾಕ್ಟರಲ್ಲ, ತಿಪಟೂರಿನ ಒಬ್ಬ ಗೃಹಿಣಿ. ಮಗಳ ಜೊತೆ ಹೋಗಿ, ಅವಳ ಪಕ್ಕದಲ್ಲಿ ಕೂತು ಕಂಡದ್ದನ್ನು ಮಾತ್ರ ಬರೆಯುತ್ತಿದ್ದೇನೆ. ನಿಮಗೆ ಉಪಯೋಗವಾದರೆ ಸಂತೋಷ.

ಅದಕ್ಕೆ ಮೊದಲು ನನ್ನದೇ ಒಂದು ಹಳೇ ಕಥೆ ಹೇಳದೆ ಗತ್ಯಂತರವಿಲ್ಲ.

ನನಗೂ ಹೈಸ್ಕೂಲಿನಿಂದಲೇ ಕನ್ನಡಕ. ಮೈನಸ್ ಮೂರು. 1995ರಲ್ಲಿ ನನ್ನನ್ನು ನೋಡಲು ಬಂದ ದಿನ ನಮ್ಮಮ್ಮ ನನ್ನ ಮುಖದಿಂದ ಕನ್ನಡಕ ಕಿತ್ತು ಸಾಸಿವೆ ಡಬ್ಬಿಯ ಹಿಂದೆ ಇಟ್ಟುಬಿಟ್ಟಳು. ತಟ್ಟೆ ಹಿಡಿದು ನಡುಮನೆಗೆ ಹೋದರೆ ಬಂದವರೆಲ್ಲ ಮಂಜಿನಲ್ಲಿ ಕೂತ ಹಾಗೆ ಕಾಣುತ್ತಿದ್ದಾರೆ! ಮೊದಲ ಕಾಫಿ ಲೋಟವನ್ನು ವರನಿಗೆ ಕೊಡುವ ಬದಲು ಅವರ ಭಾವನಿಗೆ ಕೊಟ್ಟೆ. “ಹುಡುಗಿಗೆ ನಾಚಿಕೆ, ತಲೇನೇ ಎತ್ತಲಿಲ್ಲ ಪಾಪ” ಎಂದು ಎಲ್ಲರೂ ನಕ್ಕರು. ಮರುವರ್ಷ ಮದುವೆಯಾಯಿತು. ಕನ್ನಡಕ ನನ್ನ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಕೂತಿತು. ಎರಡು ತಿಂಗಳು ಹೇಗೋ ತಡವರಿಸಿಕೊಂಡು ಸಂಸಾರ ಮಾಡಿದೆ. ಒಂದು ದಿನ ಪೇಟೆ ಬೀದಿಯಲ್ಲಿ ಮಾವನವರು ಎದುರಿಗೇ ಬಂದರೂ ಗುರುತು ಸಿಗದೆ ಸರಸರ ನಡೆದುಬಿಟ್ಟೆ. ಅವರಿಗೆ ಅವಮಾನವಾಯಿತು. ಮನೆಯಲ್ಲಿ ಪಂಚಾಯಿತಿ ನಡೆದು ಕಡೆಗೆ ಟ್ರಂಕು ತೆರೆಯಬೇಕಾಯಿತು.

ನಮ್ಮತ್ತೆ ಬೈಯಲಿಲ್ಲ. “ಕನ್ನಡಕ ಇದ್ರೆ ಇರಲಿ ಬಿಡಮ್ಮ. ಬಚ್ಚಿಟ್ಟೆಯಲ್ಲ, ಇನ್ನೂ ಏನೇನು ಬಚ್ಚಿಟ್ಟಿದೀಯೋ” ಎಂದರು, ಅಷ್ಟೆ. ಆಮೇಲೆ ಮನೆಯಲ್ಲಿ ಒಂದು ಚಮಚ ಕಾಣೆಯಾದರೂ ನನಗೆ ಆ ಮಾತೇ ಕೇಳಿಸುತ್ತಿತ್ತು, ಅವರು ಆಡಲಿ ಬಿಡಲಿ.

ಇಷ್ಟು ಅನುಭವಿಸಿದವಳಿಗೆ ಬುದ್ಧಿ ಬಂದಿರಬೇಕು ಅಂತೀರಿ. ಎಲ್ಲಿ ಬಂತು?

ನನ್ನ ಮಗಳಿಗೆ ಎಂಟನೇ ವಯಸ್ಸಿಗೇ ಕನ್ನಡಕ ಬಂತು. ವರ್ಷ ವರ್ಷ ನಂಬರು ಏರಿ, ಬಿ.ಎಡ್. ಮುಗಿಯುವ ಹೊತ್ತಿಗೆ ಬಲಗಣ್ಣಿಗೆ ಐದೂವರೆ, ಎಡಗಣ್ಣಿಗೆ ಆರು. 2021ರಲ್ಲಿ ಒಂದು ಒಳ್ಳೆಯ ಸಂಬಂಧ ಬಂತು. ಜಾತಕ ಕೂಡಿತು, ಮನೆತನವೂ ಒಪ್ಪಿಗೆಯಾಯಿತು. ಆಮೇಲೆ ಮಧ್ಯಸ್ಥಗಾರರ ಬಾಯಲ್ಲಿ ಹೇಳಿಕಳಿಸಿದರು: “ಹುಡುಗಿ ಒಪ್ಪಿಗೆ. ಕನ್ನಡಕ ಒಂದು ತೆಗೆಸಿಬಿಡಿ, ಲೇಸರ್ ಇದೆಯಲ್ಲ.” ನಾನು ಹಿಗ್ಗಿದೆ. ಪುಟ್ಟಿ ಮಾತ್ರ ಒಂದೇ ಮಾತಿನಲ್ಲಿ “ಬೇಡ” ಎಂದಳು. ಸಂಬಂಧ ಮುರಿಯಿತು. ನಾನು ಅವಳ ಜೊತೆ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

2023ರಲ್ಲಿ, ಶಾಲೆಯಲ್ಲಿ ಕೆಲಸ ಸಿಕ್ಕಿ ಎರಡು ವರ್ಷವಾದ ಮೇಲೆ, ಒಂದು ರಾತ್ರಿ ಪುಟ್ಟಿ ತಾನಾಗಿಯೇ ಬಂದು, “ಅಮ್ಮ, ನಾನು ಲೇಸರ್ ಮಾಡಿಸ್ಕೋತೀನಿ” ಎಂದಳು. ನನಗೆ ಸಿಟ್ಟು ಬಂತು. “ಆವತ್ತು ಬೇಡ ಅಂದೆಯಲ್ಲೇ!”

“ಆವತ್ತು ಅವರು ಕೇಳಿದ್ರು. ಈಗ ನಾನು ಕೇಳ್ತಿದೀನಿ.”

ಮಳೆಯಲ್ಲಿ ಸ್ಕೂಟರ್ ಓಡಿಸುವಾಗ ಗಾಜಿನ ಮೇಲೆ ನೀರಿಳಿದು ಏನೂ ಕಾಣುವುದಿಲ್ಲವಂತೆ. ರಾತ್ರಿ ಎದ್ದರೆ ಮೊದಲು ಕೈಯಾಡಿಸಿ ಕನ್ನಡಕ ಹುಡುಕಬೇಕಂತೆ. ಮಕ್ಕಳ ಜೊತೆ ಥ್ರೋಬಾಲ್ ಆಡಬೇಕೆಂದು ಆಸೆಯಂತೆ. ಅವಳು ಹೇಳಿದ ಕಾರಣಗಳಲ್ಲಿ ಮದುವೆಯೇ ಇರಲಿಲ್ಲ. ದುಡ್ಡನ್ನೂ ತಾನೇ ಕೂಡಿಸಿದ್ದಳು.

ಅಂದ ಹಾಗೆ, ವಿಮೆಯಿಂದ ಬರುತ್ತದೆ ಎಂದು ನೀವು ನಂಬಿ ಕೂರಬೇಡಿ. ಪವರ್ ಏಳೂವರೆಗಿಂತ ಕಡಿಮೆಯಿದ್ದರೆ ಆರೋಗ್ಯ ವಿಮೆಯವರು ಸಾಮಾನ್ಯವಾಗಿ ಈ ಖರ್ಚು ಕೊಡುವುದಿಲ್ಲ. ನಮಗೆ ಎರಡೂ ಕಣ್ಣಿಗೆ ಸೇರಿ 40 ಸಾವಿರ ರೂಪಾಯಿಯ ಆಸುಪಾಸು ಆಯಿತು. ವಿಧಾನ ಬದಲಾದರೆ ಇದರ ಎರಡರಷ್ಟೂ ಆಗುತ್ತದೆ.

ಮೊದಲನೇ ಸಲ ಬೆಂಗಳೂರಿಗೆ ಹೋದದ್ದು ದಂಡವಾಯಿತು. ಪುಟ್ಟಿ ಸಮಾರಂಭಗಳಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದಳು. ಹೋಗುವ ಹಿಂದಿನ ದಿನವೂ ಯಾರದೋ ಮದುವೆಗೆ ಹಾಕಿದ್ದಳು. ಲೆನ್ಸ್ ಕೂತ ಕಣ್ಣಿನ ಮೇಲ್ಮೈ ಸ್ವಲ್ಪ ಆಕಾರ ಬದಲಿಸಿರುತ್ತದೆ, ಆಗ ತೆಗೆದ ಅಳತೆ ಸರಿಬರುವುದಿಲ್ಲ ಎಂದು ವಾಪಸು ಕಳಿಸಿದರು. ಮೆತ್ತನೆಯ ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಇನ್ನೂ ಹೆಚ್ಚು ದಿನ ಮೊದಲೇ ಬಿಟ್ಟಿರಬೇಕು. ಫೋನಿನಲ್ಲಿ ಮೊದಲೇ ಕೇಳಿದ್ದರೆ ಗೊತ್ತಾಗುತ್ತಿತ್ತು.

ಎರಡನೇ ಸಲ ಹೋದಾಗ ಪರೀಕ್ಷೆಗಳಿಗೇ ಅರ್ಧ ದಿನ ಹಿಡಿಯಿತು. ಹಳೇ ಕನ್ನಡಕದ ಚೀಟಿಗಳನ್ನು ಒಯ್ದಿದ್ದು ಒಳ್ಳೆಯದಾಯಿತು. ವರ್ಷದಿಂದ ಪವರ್ ಬದಲಾಗಿಲ್ಲ ಎಂಬುದು ಅವರಿಗೆ ಬೇಕಿತ್ತು. ಹದಿನೆಂಟು ತುಂಬದವರಿಗೆ ಮಾಡುವುದಿಲ್ಲ. ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಆಗ ಮಾಡುವುದಿಲ್ಲ, ಏಕೆಂದರೆ ಆ ದಿನಗಳಲ್ಲಿ ಪವರ್ ಹೆಚ್ಚುಕಡಿಮೆಯಾಗುತ್ತದೆ. ಕಣ್ಣೀರು ಸಾಕಷ್ಟಿದೆಯೇ ಎಂದು ನೋಡಲು ಕೆಳರೆಪ್ಪೆಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿದರು. (ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿಸಿ ನೋಡಿದ್ದರೆ ಸಾಕಿತ್ತು ಎಂದು ನಮ್ಮ ಮನೆಯವರ ತಮಾಷೆ.) ಕೊನೆಗೆ ಪಾಪೆ ಅಗಲವಾಗುವ ಹನಿ ಹಾಕಿ ಕಣ್ಣಿನ ಹಿಂದಿನ ರೆಟಿನಾ ಪರದೆ ನೋಡಿದರು. ಈ ಹನಿ ಹಾಕಿದ ಮೇಲೆ ಕೆಲವು ಗಂಟೆ ಬೆಳಕು ಚುಚ್ಚುತ್ತದೆ, ಹತ್ತಿರದ ಅಕ್ಷರ ಕಾಣುವುದಿಲ್ಲ. ಒಬ್ಬರೇ ಹೋಗಬೇಡಿ.

ಅಲ್ಲಿ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಮಗನಿಗೆ ಲೇಸರ್ ಆಗುವುದೇ ಇಲ್ಲ ಎಂದು ಹೇಳಿಬಿಟ್ಟಿದ್ದರಂತೆ. ಅವನ ಕಾರ್ನಿಯಾ, ಅಂದರೆ ಕಪ್ಪುಗುಡ್ಡೆಯ ಮೇಲೆ ಗಡಿಯಾರದ ಗಾಜಿನ ಹಾಗೆ ಇರುವ ಪಾರದರ್ಶಕ ಪದರ, ತೆಳುವಾಗಿ ಮುಂದಕ್ಕೆ ಉಬ್ಬುತ್ತಿದೆಯಂತೆ. ಚಿಕ್ಕಂದಿನಿಂದ ಕಣ್ಣು ತುರಿಕೆ, ಯಾವಾಗಲೂ ಉಜ್ಜುತ್ತಿದ್ದನಂತೆ. ಅಂಥ ಕಣ್ಣಿಗೆ ಲೇಸರ್ ಮಾಡಿದರೆ ಇನ್ನೂ ಸಡಿಲವಾಗುತ್ತದೆ, ಅದಕ್ಕೆ ಮೊದಲು ಗಟ್ಟಿ ಮಾಡುವ ಚಿಕಿತ್ಸೆಯೇ ಬೇರೆ ಇದೆ ಎಂದರಂತೆ. ನಿಮ್ಮ ಮಕ್ಕಳು ಮುಷ್ಟಿ ಕಟ್ಟಿ ಕಣ್ಣುಜ್ಜುವ ಅಭ್ಯಾಸದವರಾದರೆ ಗದರಿಸಿ ಸುಮ್ಮನಾಗಬೇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ.

ನಮ್ಮ ಸರದಿ ಬಂತು. ಡಾಕ್ಟರಮ್ಮ ನನ್ನನ್ನೂ ನಮ್ಮ ಮನೆಯವರನ್ನೂ ನೋಡಿ, “ಸ್ವಲ್ಪ ಹೊರಗೆ ಕೂತಿರ್ತೀರಾ?” ಎಂದರು. ನನಗೆ ಎದೆ ಧಸಕ್ಕೆಂದಿತು. ಐದು ನಿಮಿಷದ ಮೇಲೆ ಒಳಗೆ ಕರೆದು, “ಏನಿಲ್ಲಮ್ಮ, ನಿನಗೆ ಬೇಕಾ, ಮನೆಯವರಿಗೆ ಬೇಕಾ ಅಂತ ಕೇಳಿದೆ. ಬಹಳ ಜನ ಮದುವೆ ಗೊತ್ತಾದ ಮೇಲೆ ಓಡಿ ಬರ್ತಾರೆ, ಮುಂದಿನ ವಾರಾನೇ ಮಾಡಿ ಅಂತಾರೆ” ಎಂದರು. ನಾನು ಪುಟ್ಟಿಯ ಮುಖ ನೋಡಲಿಲ್ಲ.

ಆಮೇಲೆ ಒಂದು ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದರು. ನಮ್ಮ ತಿಂಗಳ ಖರ್ಚಿನ ಲೆಕ್ಕದ ಹಾಗೇ ಇತ್ತು. ದೂರದ್ದು ಕಾಣದ ಕಣ್ಣಿನಲ್ಲಿ ಬೆಳಕು ರೆಟಿನಾ ಮುಟ್ಟುವ ಮೊದಲೇ ಒಂದುಗೂಡುತ್ತದೆ. ಕಾರ್ನಿಯಾದ ಮಧ್ಯಭಾಗವನ್ನು ಲೇಸರಿನಿಂದ ಚೂರೇ ಚೂರು ಸವೆಸಿ ಚಪ್ಪಟೆ ಮಾಡಿದರೆ ಅದು ಸರಿಯಾದ ಜಾಗಕ್ಕೆ ಬೀಳುತ್ತದೆ. ಕಾರ್ನಿಯಾ ಸಾಮಾನ್ಯವಾಗಿ 540 ಮೈಕ್ರಾನಿನ ಸುತ್ತಮುತ್ತ ದಪ್ಪ ಇರುತ್ತದೆ, ಅಂದರೆ ಅರ್ಧ ಮಿಲಿಮೀಟರಿಗಿಂತ ಕೊಂಚ ಹೆಚ್ಚು. ನಮ್ಮ ಪುಟ್ಟಿಯದು 490. ಲ್ಯಾಸಿಕ್ ಎನ್ನುವ ವಿಧಾನದಲ್ಲಿ ಪುಸ್ತಕದ ಹಾಳೆ ಮಗುಚಿದ ಹಾಗೆ ಮೇಲಿನ ಒಂದು ಪದರ ಎತ್ತಿ, ಕೆಳಗೆ ಲೇಸರ್ ಬಿಟ್ಟು, ಹಾಳೆಯನ್ನು ಮತ್ತೆ ಮುಚ್ಚುತ್ತಾರೆ. ಆ ಹಾಳೆಗೆ 110 ಹೋಯಿತು. ಆರು ಪವರ್ ಸವೆಸಲು ಸುಮಾರು 85. ಉಳಿದದ್ದು 295.

“ಮುನ್ನೂರಕ್ಕಿಂತ ಕಡಿಮೆ ಉಳಿಸೋಕೆ ನನಗೆ ಧೈರ್ಯ ಇಲ್ಲ. ಬೇರೆಯವರು ಒಪ್ಪಬಹುದು, ನಾನು ಒಪ್ಪಲ್ಲ” ಎಂದರು ಡಾಕ್ಟರಮ್ಮ.

ಅವರು ಹೇಳಿದ್ದು ಪಿ.ಆರ್.ಕೆ. ಎನ್ನುವ ಹಳೆಯ ವಿಧಾನ. ಇದರಲ್ಲಿ ಹಾಳೆ ಎತ್ತುವುದಿಲ್ಲ. ಕಾರ್ನಿಯಾದ ಮೇಲಿನ ನವಿರಾದ ಚರ್ಮವನ್ನಷ್ಟೇ ಸರಿಸಿ ಲೇಸರ್ ಬಿಡುತ್ತಾರೆ, ಆ ಚರ್ಮ ನಾಲ್ಕೈದು ದಿನದಲ್ಲಿ ತಾನೇ ಬೆಳೆದುಕೊಳ್ಳುತ್ತದೆ. ಕೊನೆಗೆ ಸಿಗುವ ದೃಷ್ಟಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. “ಆದ್ರೆ ಮೂರು ದಿನ ನೋವಿರುತ್ತೆ. ಪೂರ್ತಿ ಸ್ಪಷ್ಟ ಆಗೋಕೆ ವಾರಗಳು ಬೇಕು. ತಾಳ್ಮೆ ಇದೆಯಾ?” ಪುಟ್ಟಿ ಇದೆ ಎಂದಳು. ನನ್ನನ್ನು ಯಾರೂ ಕೇಳಲಿಲ್ಲ.

ಬಂದದ್ದಕ್ಕೆ ನನ್ನದನ್ನೂ ಕೇಳಿಬಿಡೋಣ ಎಂದು, “ನನಗೂ ಮಾಡಬಹುದಾ ಡಾಕ್ಟ್ರೇ?” ಎಂದೆ. ಅವರು ನಕ್ಕು, “ಅಕ್ಕಿ ಆರಿಸುವಾಗ ಏನು ಮಾಡ್ತೀರಿ?” ಎಂದರು. ಕನ್ನಡಕ ತೆಗೆದಿಟ್ಟು ಆರಿಸುತ್ತೇನೆ ಎಂದೆ. “ನೋಡಿದ್ರಾ, ನಲವತ್ತು ದಾಟಿದ ಮೇಲೆ ಎಲ್ಲರಿಗೂ ಚಾಳೀಸು ಬರುತ್ತೆ. ಒಳಗಿನ ಮಸೂರ ಗಟ್ಟಿಯಾಗೋದ್ರಿಂದ ಅದು. ನಿಮಗೆ ಮೈನಸ್ ಮೂರು ಇರೋದ್ರಿಂದ ಹತ್ತಿರದ್ದು ಬರಿಗಣ್ಣಿಗೇ ಕಾಣ್ತಿದೆ. ಲೇಸರ್ ಮಾಡಿದ್ರೆ ಬಸ್ಸಿನ ಬೋರ್ಡು ಕಾಣುತ್ತೆ, ಅಕ್ಕಿಯಲ್ಲಿ ಕಲ್ಲು ಕಾಣಲ್ಲ.” ನನ್ನ ಆಸೆ ಅಲ್ಲಿಗೇ ಮುಗಿಯಿತು. ಈಗ ಲೇಸರ್ ಮಾಡಿಸಿಕೊಂಡ ಪುಟ್ಟಿಗೂ ನಲವತ್ತು ದಾಟಿದ ಮೇಲೆ ಚಾಳೀಸು ತಪ್ಪಿದ್ದಲ್ಲ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ವಾಪಸು ರೈಲಿನಲ್ಲಿ ಬರುವಾಗ ಪುಟ್ಟಿ ಒಂದು ಸಂಗತಿ ಹೇಳಿದಳು. ಈ ಲೇಸರ್ ಕಣ್ಣಿಗೆ ಆಗಿಬರುತ್ತದೆ ಎಂದು ದಾರಿ ತೋರಿದ್ದು ಅಮೆರಿಕದ ಐ.ಬಿ.ಎಂ. ಕಂಪನಿಯ ಪ್ರಯೋಗಾಲಯವಂತೆ. ಅಲ್ಲಿದ್ದ ಮೂವರು ವಿಜ್ಞಾನಿಗಳಲ್ಲಿ ಒಬ್ಬರು ನಮ್ಮ ದೇಶದಲ್ಲಿ ಹುಟ್ಟಿ ಮದರಾಸಿನಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್. 1981ರಲ್ಲಿ ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಅವರು ಮನೆಯಲ್ಲಿ ಉಳಿದಿದ್ದ ಟರ್ಕಿ ಕೋಳಿಯ ಚೂರನ್ನು ಪ್ರಯೋಗಾಲಯಕ್ಕೆ ಒಯ್ದು ಅದರ ಮೇಲೆ ಈ ಲೇಸರ್ ಬಿಟ್ಟು ನೋಡಿದರಂತೆ. ಸುಟ್ಟ ಗುರುತೇ ಇಲ್ಲದೆ ಅಚ್ಚುಕಟ್ಟಾಗಿ ಕೆತ್ತಿತ್ತಂತೆ. 1983ರಲ್ಲಿ ಸ್ಟೀಫನ್ ಟ್ರೋಕಲ್ ಎಂಬ ಕಣ್ಣಿನ ವೈದ್ಯರ ಜೊತೆ ಸೇರಿ ಕಣ್ಣಿಗೂ ಇದನ್ನು ಬಳಸಬಹುದೆಂದು ಬರೆದು ಪ್ರಕಟಿಸಿದರು. ಹಬ್ಬದ ಮರುದಿನ ಉಳಿದದ್ದರಿಂದ ನಾವು ಚಿತ್ರಾನ್ನ ಮಾಡುತ್ತೇವೆ. ಅವರು ಮಾಡಿದ್ದು ನೋಡಿ!

ಶಾಲೆಗೆ ಕ್ರಿಸ್‌ಮಸ್ ರಜೆ ಸೇರಿಸಿಕೊಂಡು 2023ರ ಡಿಸೆಂಬರ್ 22, ಶುಕ್ರವಾರ ದಿನ ಗೊತ್ತಾಯಿತು. ಸಹಿ ಹಾಕಿಸಿಕೊಳ್ಳುವ ಕಾಗದ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿ ಎಂದು ಕೇಳಿದೆವು, ಹೇಳಿದರು. ಸೋಂಕು ತಗಲಬಹುದು, ಆದರೆ ಅಪರೂಪ. ಸ್ವಲ್ಪ ಪವರ್ ಉಳಿದುಬಿಡಬಹುದು. ಕಣ್ಣು ಒಣಗಬಹುದು. ರಾತ್ರಿ ದೀಪದ ಸುತ್ತ ಬಳೆ ಕಾಣಬಹುದು. ಕಾರ್ನಿಯಾದ ಮೇಲೆ ಮಬ್ಬು ಕಟ್ಟಬಹುದು. ನೀವೂ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಒಳಗೆ ನಡೆದದ್ದನ್ನು ಪುಟ್ಟಿ ಹೇಳಿದ ಹಾಗೆ ಬರೆಯುತ್ತೇನೆ. ಇಂಜೆಕ್ಷನ್ ಇಲ್ಲ, ಎಚ್ಚರ ತಪ್ಪಿಸುವುದೂ ಇಲ್ಲ. ಹನಿ ಹಾಕಿ ಕಣ್ಣು ಮರಗಟ್ಟಿಸುತ್ತಾರೆ. ರೆಪ್ಪೆ ಮುಚ್ಚದ ಹಾಗೆ ಒಂದು ಕ್ಲಿಪ್ಪು ಹಾಕುತ್ತಾರೆ, ಆದ್ದರಿಂದ “ನಾನು ಕಣ್ಣು ಮಿಟುಕಿಸಿಬಿಟ್ರೆ?” ಎಂಬ ಭಯ ಬೇಡ. ಮೇಲಿನ ಚರ್ಮ ಸಡಿಲವಾಗಲು ಒಂದು ದ್ರವ ಬಿಟ್ಟು ಮೆಲ್ಲಗೆ ಸರಿಸುತ್ತಾರೆ. ಆಗ ಎಲ್ಲವೂ ಮಂಜು. ಮಿಣುಕುವ ಒಂದು ದೀಪವನ್ನೇ ನೋಡುತ್ತಿರಬೇಕು. ಟಿಕ್ ಟಿಕ್ ಸದ್ದು, ಕೂದಲು ಸುಟ್ಟಂಥ ವಾಸನೆ. ಒಂದೊಂದು ಕಣ್ಣಿಗೆ ಲೇಸರ್ ನಡೆದದ್ದು ಅರ್ಧ ನಿಮಿಷದಷ್ಟೂ ಇಲ್ಲವಂತೆ. ಆಮೇಲೆ ತಣ್ಣನೆಯ ನೀರು, ಅದರ ಮೇಲೆ ಗಾಯಕ್ಕೆ ಬಟ್ಟೆ ಕಟ್ಟಿದ ಹಾಗೆ ಒಂದು ಪಾರದರ್ಶಕ ಲೆನ್ಸ್. ಲ್ಯಾಸಿಕ್ ಆದವರಿಗೆ ಹಾಳೆ ಎತ್ತುವಾಗ ಕಣ್ಣನ್ನು ಒತ್ತಿ ಹಿಡಿಯುತ್ತಾರೆ, ಆಗ ಕೆಲವು ಕ್ಷಣ ಕತ್ತಲಾದ ಹಾಗಾಗುತ್ತದಂತೆ. ಗಾಬರಿಯಾಗಬಾರದಂತೆ. ಪುಟ್ಟಿ ನಗುತ್ತಲೇ ಹೊರಗೆ ಬಂದಳು. “ಅಮ್ಮ, ಗೋಡೆ ಗಡಿಯಾರ ಕಾಣ್ತಿದೆ!”

ನಾನು ಅಷ್ಟಕ್ಕೇ ಮೋಸ ಹೋದೆ.

ತಮ್ಮನ ಮನೆಗೆ ಬಂದು ಎರಡು ಮೂರು ಗಂಟೆಯಾಗುವುದರೊಳಗೆ ಹನಿಯ ಗುಣ ಇಳಿಯಿತು. ಎರಡೂ ಕಣ್ಣಿಗೆ ಯಾರೋ ಹಸಿಮೆಣಸಿನಕಾಯಿ ಹಿಂಡಿದ ಹಾಗೆ ಉರಿ. ನೀರು ಧಾರೆಯಾಗಿ ಸುರಿಯುತ್ತಿತ್ತು. ಬೆಳಕು ಕಂಡರಾಗದು. ಮರುದಿನ ವೈಕುಂಠ ಏಕಾದಶಿ. ಬೀದಿಯ ದೇವಸ್ಥಾನದಲ್ಲಿ ನಸುಕಿನಿಂದಲೇ ಮೈಕು, ಸಾಲು, ಸಂಭ್ರಮ. ತಮ್ಮನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟಳು. ನಾವಿಬ್ಬರೂ ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ ಕೂತೆವು. ನೋವಿಗೆ ಮಾತ್ರೆ ಕೊಟ್ಟಿದ್ದರು, ಅದು ಸ್ವಲ್ಪ ಹೊತ್ತು ತಡೆಯುತ್ತಿತ್ತು. ಎರಡನೇ ರಾತ್ರಿ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ, “ಅಮ್ಮ, ಇದನ್ನ ಆವತ್ತು ಅವರಿಗೋಸ್ಕರ ಮಾಡಿಸಿದ್ದಿದ್ರೆ ಈ ನೋವು ತಡೀತಾ ಇರಲಿಲ್ಲ ಕಣೆ” ಎಂದಳು. ನಾನು ಏನು ಹೇಳಲಿ? ಅವಳ ತಲೆ ನೇವರಿಸುತ್ತ ಕೂತೆ. ಮೂರನೇ ದಿನ ಸಂಜೆಯಿಂದ ಉರಿ ಇಳಿಯಿತು.

ನಮ್ಮ ಪಕ್ಕದ ಬೀದಿಯ ಒಬ್ಬರ ಸೊಸೆಗೆ ಲ್ಯಾಸಿಕ್ ಆಗಿತ್ತು. ಅವಳಿಗೆ ಉರಿ ಇದ್ದದ್ದು ಐದಾರು ಗಂಟೆ ಮಾತ್ರ. ಮಲಗಿ ಎದ್ದರೆ ಮರುದಿನವೇ ಎಲ್ಲ ಸ್ಪಷ್ಟವಂತೆ. ಅದನ್ನೇ ಕೇಳಿ ಬಂದ ನನಗೆ ಇದು ಎರಡರಷ್ಟು ಗಾಬರಿಯಾಯಿತು. ಆದ್ದರಿಂದ ನಿಮ್ಮ ಮಗಳಿಗೆ ಯಾವ ವಿಧಾನ ಎಂಬುದನ್ನು ಮೊದಲು ತಿಳಿದುಕೊಂಡು, ಆ ವಿಧಾನದವರನ್ನೇ ವಿಚಾರಿಸಿ. ಇಬ್ಬರ ಪಥ್ಯ ಮಾತ್ರ ಹೆಚ್ಚುಕಡಿಮೆ ಒಂದೇ.

ಪಥ್ಯ ಎಂದಾಗ ನೆನಪಾಯಿತು. ಊಟಕ್ಕೆ ಯಾವ ಪಥ್ಯವೂ ಇಲ್ಲ. ಮೊಸರು, ಬದನೆಕಾಯಿ ಬಿಡಿ ಎಂದು ಫೋನಿನಲ್ಲಿ ಹೇಳಿದವರೇ ಹತ್ತು ಜನ. ಡಾಕ್ಟರು ಹೇಳಿದ್ದು ಎಲ್ಲ ತಿನ್ನಬಹುದು ಎಂದೇ. ಬಾಣಂತಿಗೆ ನೋಡಿಕೊಳ್ಳುವ ಹಾಗೆ ನೋಡಿಕೊಳ್ಳಬೇಕಾದದ್ದು ಬೇರೆ. ಒಂದು ವಾರ ಕಣ್ಣಿಗೆ ನೀರು ಬೀಳಬಾರದು. ತಲೆಸ್ನಾನ ಇಲ್ಲ, ಮುಖವನ್ನು ಒದ್ದೆಬಟ್ಟೆಯಿಂದ ಒರೆಸಬೇಕು. ಕಣ್ಣು ಉಜ್ಜಲೇಬಾರದು, ನಿದ್ದೆಯಲ್ಲೂ. ಅದಕ್ಕೆ ರಾತ್ರಿ ಕಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿ ಮಲಗಿಸುತ್ತಿದ್ದೆ. ಒಗ್ಗರಣೆ ಹೊಗೆ, ಗುಡಿಸುವ ಧೂಳು ಹತ್ತಿರ ಸುಳಿಯಬಾರದು. ಕಾಡಿಗೆ ಒಂದು ತಿಂಗಳು ಇಲ್ಲ.

ಹನಿಗಳ ವಿಷಯದಲ್ಲಿ ಮಾತ್ರ ಉದಾಸೀನ ಕೂಡದು. ಮೂರು ಶೀಷೆಗಳಿದ್ದವು. ಸೋಂಕು ತಡೆಯುವುದು ಒಂದು, ಸ್ಟೀರಾಯ್ಡ್ ಒಂದು, ಕಣ್ಣೀರಿನಂಥದು ಇನ್ನೊಂದು. ಕೈ ತೊಳೆದು ಹಾಕಬೇಕು. ಶೀಷೆಯ ಮೂತಿ ರೆಪ್ಪೆಗೆ ತಗಲಬಾರದು. ಒಂದು ಹನಿಗೂ ಇನ್ನೊಂದಕ್ಕೂ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಹಾಲಿನಂತೆ ಬೆಳ್ಳಗಿದ್ದ ಶೀಷೆಯನ್ನು ಕುಲುಕಿ ಹಾಕಬೇಕಿತ್ತು. ನಾನು ಒಂದು ರಟ್ಟಿನ ಮೇಲೆ ಗೆರೆ ಎಳೆದು ಹಾಕಿದ್ದಕ್ಕೆಲ್ಲ ಗುರುತು ಹಾಕುತ್ತಿದ್ದೆ. ಸ್ಟೀರಾಯ್ಡ್ ಹನಿಯನ್ನು ಎರಡು ಮೂರು ತಿಂಗಳಲ್ಲಿ ಮೆಲ್ಲಮೆಲ್ಲಗೆ ಇಳಿಸುತ್ತಾ ಹೋದರು. ಕಣ್ಣು ಬೆಳ್ಳಗಾಯಿತೆಂದು ನೀವೇ ನಿಲ್ಲಿಸಬಾರದು. ಚೆನ್ನಾಗಿದೆ ಎಂದು ನೀವೇ ಮುಂದುವರಿಸಲೂಬಾರದು, ಅದರಿಂದ ಕಣ್ಣಿನೊಳಗಿನ ಒತ್ತಡ ಏರಬಹುದು. ಅದಕ್ಕೇ ಆಗಾಗ ಕರೆಸಿ ಒತ್ತಡ ನೋಡುತ್ತಿದ್ದರು.

ಐದನೇ ದಿನ, ಬುಧವಾರ, ಆ ಲೆನ್ಸ್ ತೆಗೆದರು. ಇನ್ನು ಎಲ್ಲ ಕಾಣುತ್ತದೆ ಎಂದು ನಾನು ತಿಳಿದಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದು ಎಂದರೆ, “ಅಕ್ಷರ ಎರಡೆರಡು ಕಾಣ್ತಿದೆ” ಎಂದಳು. ನನ್ನ ಕಾಲು ಸೋತುಹೋಯಿತು. ದುಡ್ಡು ಕೊಟ್ಟು ಇದ್ದ ಕಣ್ಣನ್ನೂ ಕಳೆದುಕೊಂಡೆವೇ ಎಂದು ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ನಮ್ಮ ಮನೆಯವರು, “ಡಾಕ್ಟರು ಮೊದಲೇ ವಾರಗಳು ಅಂದ್ರಲ್ಲ, ನೀನು ದಿನ ಅಂತ ಕೇಳಿಸ್ಕೊಂಡ್ಯಾ?” ಎಂದರು. ಹೊಸ ಚರ್ಮ ನಯವಾಗುವವರೆಗೆ ಹಾಗೆಯೇ ಇರುತ್ತದಂತೆ. ಒಂದು ದಿನ ಚೆನ್ನಾಗಿ ಕಂಡರೆ ಮರುದಿನ ಮತ್ತೆ ಮಂಜು. ಎಡಗಣ್ಣು ಮುಂದೆ, ಬಲಗಣ್ಣು ಹಿಂದೆ. ಶಾಲೆಗೆ ಇನ್ನೊಂದು ವಾರ ಹೆಚ್ಚು ರಜೆ ಹಾಕಬೇಕಾಯಿತು. ಸ್ಕೂಟರ್ ಅಂತೂ ಡಾಕ್ಟರು ಹೇಳುವವರೆಗೂ ಮುಟ್ಟಲಿಲ್ಲ.

ಜನವರಿ 15, ಸಂಕ್ರಾಂತಿ. ಎಳ್ಳಿಗೆ ಕೊಬ್ಬರಿ ಹೆಚ್ಚುವುದು ನಮ್ಮ ಮನೆಯಲ್ಲಿ ಪುಟ್ಟಿಯ ಕೆಲಸ, ತಿಪಟೂರಿನವರಿಗೆ ಕೊಬ್ಬರಿಗೇನು ಕೊರತೆ? ಆ ಸಲ ನಾನೇ ಹೆಚ್ಚಿದ್ದೆ. ಸಂಜೆ ಎಳ್ಳು ಬೀರಲು ಹೊರಟಾಗ ರೇಷ್ಮೆ ಸೀರೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡಳು. ಬಿಸಿಲು ಹೆಚ್ಚು ತಗಲಿದರೆ ಈ ವಿಧಾನದಲ್ಲಿ ಕಾರ್ನಿಯಾದ ಮೇಲೆ ಮಬ್ಬು ಕಟ್ಟುತ್ತದೆ, ಕೆಲವು ತಿಂಗಳು ಹೊರಗೆ ಹೋಗುವಾಗ ಹಾಕಲೇಬೇಕು ಎಂದಿದ್ದರು. “ಕನ್ನಡಕ ತೆಗೆಸೋಕೆ ಹೋಗಿ ಕಪ್ಪು ಕನ್ನಡಕ ತಂದಳು” ಎಂದು ಬೀದಿಯವರು ನಕ್ಕರು, ನಾವೂ ನಕ್ಕೆವು. ವಾಪಸು ಬರುವಾಗ ದೇವಸ್ಥಾನದ ತಿರುವಿನಲ್ಲಿ ಅವಳು ಕಪ್ಪು ಕನ್ನಡಕ ತೆಗೆದು ಸುಮ್ಮನೆ ನಿಂತುಬಿಟ್ಟಳು. ಏನೇ ಎಂದೆ. “ಗೋಪುರದ ಮೇಲೆ ಗಿಳಿ ಕೂತಿದೆ ನೋಡು” ಎಂದಳು. ನನಗೆ, ಕನ್ನಡಕ ಹಾಕಿಕೊಂಡಿದ್ದವಳಿಗೇ, ಕಾಣಲಿಲ್ಲ.

ಮೂರು ತಿಂಗಳ ಹೊತ್ತಿಗೆ ದೃಷ್ಟಿ ನಿಂತಿತು. ರಾತ್ರಿ ದೀಪದ ಸುತ್ತ ಬಳೆ ಕಾಣುವುದು, ಮಧ್ಯಾಹ್ನ ಕಣ್ಣು ಒಣಗುವುದು ಇನ್ನೂ ಕೆಲವು ತಿಂಗಳಿತ್ತು. ಕಣ್ಣೀರಿನ ಹನಿ ಈಗಲೂ ಅವಳ ಬ್ಯಾಗಿನಲ್ಲಿರುತ್ತದೆ.

ಇನ್ನೆರಡು ಮಾತು ಬಾಕಿ. ಲೇಸರ್ ಸರಿಮಾಡುವುದು ಕಣ್ಣಿನ ಮುಂಭಾಗವನ್ನು. ಹೆಚ್ಚು ಮೈನಸ್ ಇದ್ದವರ ಕಣ್ಣಿನ ಹಿಂದಿನ ಪರದೆ ತೆಳುವಾಗಿಯೇ ಉಳಿಯುತ್ತದೆ. ಪುಟ್ಟಿಯ ಬಲಗಣ್ಣಿನ ಅಂಚಿನಲ್ಲಿ ಅಂಥ ಒಂದು ತೆಳು ಜಾಗವಿದೆ. ವರ್ಷಕ್ಕೊಮ್ಮೆ ತೋರಿಸಬೇಕು. ಇದ್ದಕ್ಕಿದ್ದಂತೆ ಕಣ್ಣಲ್ಲಿ ಮಿಂಚು ಹೊಡೆದ ಹಾಗಾದರೆ, ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಇಳಿದ ಹಾಗೆ ಕಂಡರೆ ಅದೇ ದಿನ ಓಡಬೇಕು. ಇನ್ನೊಂದು, ಲೇಸರಿಗೆ ಮೊದಲು ತೆಗೆದ ಅಳತೆಗಳ ಕಾಗದ. ಮುಂದೆ ಅರುವತ್ತರಲ್ಲೋ ಎಪ್ಪತ್ತರಲ್ಲೋ ಪೊರೆ ಬಂದರೆ, ಕೃತಕ ಮಸೂರದ ನಂಬರು ಲೆಕ್ಕ ಹಾಕಲು ಅದು ಬೇಕಾಗಬಹುದಂತೆ. ನಾನು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮನೆಪತ್ರ, ಜಾತಕದ ಜೊತೆ ನನ್ನ ಹಳೇ ಟ್ರಂಕಿನಲ್ಲಿಟ್ಟಿದ್ದೇನೆ.

ಹೋದ ತಿಂಗಳು ಹಾಸನದ ಕಡೆಯವರು ನೋಡಲು ಬಂದಿದ್ದರು. ನಾನು ಒಳಗಿನಿಂದ ಕಾಫಿ ತಟ್ಟೆ ತರುತ್ತಿದ್ದೆ. ಪುಟ್ಟಿ ಕೂತಲ್ಲಿಂದಲೇ ಹುಡುಗನ ತಾಯಿಗೆ ಹೇಳುತ್ತಿದ್ದಳು: “ನನಗೆ ಆರು ಪವರ್ ಇತ್ತು ಆಂಟಿ, ಎರಡು ವರ್ಷದ ಹಿಂದೆ ಲೇಸರ್ ಮಾಡಿಸ್ಕೊಂಡೆ. ಅಮ್ಮನಿಗೂ ಕನ್ನಡಕ ಇದೆ. ನಾಳೆ ನನ್ನ ಮಕ್ಕಳಿಗೂ ಬರಬಹುದು.” ತಟ್ಟೆಯ ಲೋಟಗಳು ಗಲಗಲ ಅಂದವು. ಆ ತಾಯಿ ತಮ್ಮ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, “ನೋವಾಯ್ತಾಮ್ಮ?” ಎಂದು ಕೇಳಿದರು. ಪುಟ್ಟಿ ಎಲ್ಲ ಹೇಳಿದಳು, ಮೂರು ದಿನದ ಉರಿಯಿಂದ ಹಿಡಿದು.

ಅವರಿಂದ ಇನ್ನೂ ಉತ್ತರ ಬಂದಿಲ್ಲ. ಬರುವ ಶನಿವಾರ ಪುಟ್ಟಿಯ ರೆಟಿನಾ ಪರೀಕ್ಷೆ ಇದೆ, ಬೆಳಗಿನ ರೈಲಿಗೆ ಹೋಗುತ್ತೇವೆ. ಪಾಪೆ ಅಗಲ ಮಾಡುವ ಹನಿ ಹಾಕುತ್ತಾರಲ್ಲ, ಕಪ್ಪು ಕನ್ನಡಕ ಹುಡುಕಿ ಇಡಬೇಕು.